ಎದುರು ಬೆಳಕಿನಲ್ಲಿ ಕಂಡ ಹಿಮ

ಮಾನ್ಯರೇ,

‘ಪವಿತ್ರ ಪರ್ವತ’ ಎಂಬ 1926ರ ಜರ್ಮನ್ ಮೂಕಿಚಿತ್ರವನ್ನು ಕುರಿತ ತಮ್ಮ ಪತ್ರ ತಲುಪಿತು. ಅದರ ಪ್ರೇಮಕಥೆ ತೀರಾ ಪೇಲವವಾಗಿದೆ, ಬೆಟ್ಟ ಮೋಡಗಳು ಸ್ಟುಡಿಯೊದ ಪರದೆಗಳಂತೆ ಕಾಣುತ್ತವೆ, ಹೀಗಿದ್ದೂ ನಮ್ಮ ಪತ್ರಿಕೆ ಅದನ್ನು ಮೆಚ್ಚಿ ಬರೆದದ್ದೇಕೆ ಎಂದು ಕೇಳಿದ್ದೀರಿ.

ಕಥೆಯ ಬಗ್ಗೆ ತಮ್ಮ ಮಾತನ್ನು ಒಪ್ಪುತ್ತೇನೆ. ಒಬ್ಬ ನರ್ತಕಿ, ಅವಳಿಗೆ ಮನಸೋತ ಇಬ್ಬರು ಪರ್ವತಾರೋಹಿ ಗೆಳೆಯರು, ಇದರಲ್ಲಿ ಹೊಸತೇನಿಲ್ಲ. ಆದರೆ ಬೆಟ್ಟಗಳು ನಿಜವಾದ ಆಲ್ಪ್ಸ್ ಬೆಟ್ಟಗಳೇ. ಕನಸಿನ ದೃಶ್ಯದ ಹಿಮಮಂದಿರವಂತೂ ಚಿತ್ರಕ್ಕಾಗಿಯೇ ಕಟ್ಟಿದ್ದು. ಅಲ್ಲಿ ತಮ್ಮ ಅನುಮಾನ ಸರಿ. ನಿರ್ದೇಶಕ ಆರ್ನಾಲ್ಡ್ ಫಾಂಕ್ ಭೂವಿಜ್ಞಾನ ಓದಿದವರು. 1920ರಲ್ಲಿ ಫ್ರೈಬುರ್ಗ್ ನಗರದಲ್ಲಿ ಚಿತ್ರಸಂಸ್ಥೆ ಕಟ್ಟಿದ ಅವರು, ಸೆಪ್ ಆಲ್ಗೈಯರ್, ಹಾನ್ಸ್ ಶ್ನೇಬರ್ಗರ್ ಅವರಂತೆ ಸ್ಕೀಯಿಂಗ್ (ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವುದು) ಬಲ್ಲ ಛಾಯಾಗ್ರಾಹಕರನ್ನೇ ಜೊತೆಗಿಟ್ಟುಕೊಂಡು ಕ್ಯಾಮೆರಾವನ್ನು ಹಿಮದ ಇಳಿಜಾರುಗಳಿಗೆ ಒಯ್ದರು.

ಅವರ ಶೈಲಿಯ ಜೀವಾಳ ಎದುರು ಬೆಳಕು. ಸೂರ್ಯ ಕ್ಯಾಮೆರಾದ ಬೆನ್ನಿಗಿದ್ದರೆ ಹಿಮವೆಲ್ಲ ಉಬ್ಬುತಗ್ಗಿಲ್ಲದ ಒಂದೇ ಬಿಳುಪಾಗಿ ಕಾಣುತ್ತದೆ. ಸೂರ್ಯನಿಗೆ ಎದುರಾಗಿ ಚಿತ್ರೀಕರಿಸಿದಾಗ ಗಾಳಿ ಮೂಡಿಸಿದ ಪ್ರತಿಯೊಂದು ಅಲೆಯ ಅಂಚೂ ಹೊಳೆಯುತ್ತದೆ, ಇಳಿದು ಬರುವವನು ಕಪ್ಪು ಆಕೃತಿಯಾಗುತ್ತಾನೆ, ಅವನ ಸ್ಕೀಗಳಿಂದ ಚಿಮ್ಮಿದ ಹಿಮದ ಪುಡಿ ಕಣಕಣವಾಗಿ ಮಿನುಗುತ್ತದೆ. ಮೋಡಗಳನ್ನು ಬಿಟ್ಟು ಬಿಟ್ಟು ಒಂದೊಂದೇ ಚೌಕಟ್ಟಿನಲ್ಲಿ ಹಿಡಿದದ್ದರಿಂದ ಅವು ಶಿಖರಗಳ ಮೇಲೆ ಉಕ್ಕಿ ಹರಿಯುವಂತೆ ತೋರುತ್ತವೆ. ತಮಗೆ ಅಸಹಜವೆನಿಸಿದ್ದು ಬಹುಶಃ ಇದೇ. ಕಳೆದುಹೋದವರನ್ನು ಹುಡುಕುತ್ತಾ ಇತರ ಸ್ಕೀಗಾರರು ರಾತ್ರಿ ಪಂಜು ಹಿಡಿದು ಸ್ಕೀಗಳ ಮೇಲೆ ಸಾಗುವ ದೃಶ್ಯವನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಹೊಗೆ, ಬೆಂಕಿ, ಹಿಮ ಮೂರೂ ಸೇರಿ ಮೂಡಿಸುವ ಆತಂಕವನ್ನು ಕಥೆ ಎಲ್ಲಿಯೂ ಮೂಡಿಸಿಲ್ಲ.

ಬೆಟ್ಟದೆದುರು ಒಂಟಿಯಾಗಿ ನಿಂತ ಪುಟ್ಟ ಮನುಷ್ಯನ ಚಿತ್ರಣ ಹತ್ತೊಂಬತ್ತನೆಯ ಶತಮಾನದ ಆರಂಭದ ಕಲಾವಿದ ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ ವರ್ಣಚಿತ್ರಗಳನ್ನು ನೆನಪಿಸುತ್ತದೆ.

ತಾವು ಎತ್ತದ, ಆದರೆ ಎತ್ತಲೇಬೇಕಾದ ಆಕ್ಷೇಪವೊಂದಿದೆ. ಈ ಪರ್ವತಾರಾಧನೆಯಲ್ಲಿ ಮುಂದೆ ನಾಜಿಗಳಿಗೆ ಒದಗಿಬಂದ ಮನೋಭಾವವಿದೆಯೆಂದು ವಿಮರ್ಶಕ ಸೀಗ್‌ಫ್ರೀಡ್ ಕ್ರಾಕೌಆರ್ 1947ರಲ್ಲಿ ಬರೆದರು. ಚಿತ್ರದ ನಾಯಕಿ ಲೆನಿ ರೀಫೆನ್‌ಸ್ಟಾಲ್ ಮುಂದೆ ಹಿಟ್ಲರನ ಪ್ರಚಾರಚಿತ್ರಗಳನ್ನು ನಿರ್ದೇಶಿಸಿದರು, ಆಲ್ಗೈಯರ್ ಅವುಗಳಿಗೆ ಕ್ಯಾಮೆರಾ ಹಿಡಿದರು. ಆದ್ದರಿಂದ ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಫಾಂಕ್ ಅವರ ಮೊದಲ ಸ್ಕೀ ಸಾಕ್ಷ್ಯಚಿತ್ರಗಳಲ್ಲಿ, ಬಲಿದಾನದ ಕಥೆಯಾಗಲಿ ನಾಯಕಪೂಜೆಯಾಗಲಿ ಸೇರುವ ಮೊದಲೇ, ಹಿಮವನ್ನು ನೋಡುವ ಈ ಕಣ್ಣು ಸಿದ್ಧವಾಗಿತ್ತು. ಹಾಗಾಗಿ ಆ ಆಕ್ಷೇಪವನ್ನು ನಾನು ಮುಖ್ಯವಾಗಿ ಕಥೆಯ ಮೇಲಿಡುತ್ತೇನೆ, ಛಾಯಾಗ್ರಹಣದ ಮೇಲಲ್ಲ.

— ಸಂಪಾದಕ