ಸಹಿ ಹಾಕುವ ಮುನ್ನ, ದುಡ್ಡು ಬಿಚ್ಚುವ ಮುನ್ನ

ಪಂಚಾಯಿತಿ, ತಾಲ್ಲೂಕು ಕಚೇರಿ, ಪಡಿತರ, ಚುನಾವಣೆ ಕುರಿತು ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇವೆ. ಹೆಸರು ಹಾಕಬೇಡಿ ಎಂದು ಬಹುತೇಕರು ಕೇಳಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮ ಬೀದಿಗೆ ಗ್ರಾಮ ಪಂಚಾಯಿತಿಯಿಂದ ಹಾಕಿದ ಕಾಂಕ್ರೀಟ್ ರಸ್ತೆ ಒಂದೇ ಮಳೆಗಾಲಕ್ಕೆ ಜಲ್ಲಿ ಎದ್ದು ಕೂತಿದೆ. ‘ಕಳಪೆ ಕಾಮಗಾರಿಗೆ ಯಾರು ಹೊಣೆ? ಕ್ರಮ ಏಕೆ ಕೈಗೊಂಡಿಲ್ಲ?’ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ‘ಇದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ’ ಎಂದು ಒಂದು ಸಾಲಿನ ಉತ್ತರ ಬಂತು. ಇದು ನುಣುಚಿಕೊಳ್ಳುವ ಆಟವಲ್ಲವೇ?

ನುಣುಚಿಕೊಳ್ಳುವ ಆಟವೇ ಇರಬಹುದು, ಆದರೆ ಅದಕ್ಕೆ ಬಾಗಿಲು ತೆರೆದುಕೊಟ್ಟವರು ನೀವು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಸಿಗುವುದು ಕಚೇರಿಯ ಬಳಿ ಇರುವ ದಾಖಲೆ. ‘ಏಕೆ’, ‘ಯಾರು ಹೊಣೆ’ ಎಂದರೆ ಅಧಿಕಾರಿಯ ಅಭಿಪ್ರಾಯ ಕೇಳಿದಂತೆ. ಅದನ್ನು ಹೊಸದಾಗಿ ಬರೆದುಕೊಡುವ ಹಂಗು ಅವರಿಗಿಲ್ಲ. ಅರ್ಜಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯೇ ಇರಬಾರದು ಎಂದು ನೆನಪಿಟ್ಟುಕೊಳ್ಳಿ. ಹೀಗೆ ಬರೆಯಿರಿ:

‘… ಗ್ರಾಮದ … ದೇವಸ್ಥಾನದಿಂದ … ಶಾಲೆಯವರೆಗೆ … ಸಾಲಿನಲ್ಲಿ ನಿರ್ಮಿಸಿದ ಸಿ.ಸಿ. ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಗುತ್ತಿಗೆ ಕರಾರು, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ ಮತ್ತು ಅಂತಿಮ ಬಿಲ್, ಇವುಗಳ ದೃಢೀಕೃತ ನಕಲು ಒದಗಿಸುವುದು.’

ಇಷ್ಟೇ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ರಸ್ತೆಯ ಜೊತೆಗೆ ಚರಂಡಿ, ಬೀದಿದೀಪ ಎಲ್ಲವನ್ನೂ ತುರುಕಿದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ನಮೂನೆ ‘ಎ’, ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದರೆ ಅದರ ಪ್ರತಿ ಲಗತ್ತಿಸಿ, ಅರ್ಜಿ ಶುಲ್ಕವಿಲ್ಲ. ಪಂಚಾಯಿತಿಯಲ್ಲಿ ಮಾಹಿತಿ ಅಧಿಕಾರಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಕೈಯಲ್ಲೇ ಕೊಟ್ಟರೆ ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಮಾಹಿತಿ ಕೊಡಬೇಕಾದ ಮೂವತ್ತು ದಿನದ ಲೆಕ್ಕ ಶುರುವಾಗುವುದು ಆ ದಿನಾಂಕದಿಂದ. ಮೂವತ್ತು ದಿನ ಕಳೆದ ಮೇಲೆ ಕೊಟ್ಟರೆ ನಕಲನ್ನು ಪುಕ್ಕಟೆ ಕೊಡಬೇಕು. ಕೊಡಲೇ ಇಲ್ಲವೆಂದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೂ ಬಗ್ಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ಅಧಿಕಾರಿಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ, ಆದರೆ ಅಲ್ಲಿ ಸರದಿ ಬರುವ ಹೊತ್ತಿಗೆ ರಸ್ತೆಗೆ ಇನ್ನೊಂದು ಮಳೆಗಾಲ ಆಗಿರುತ್ತದೆ. ಮೊದಲ ಅರ್ಜಿಯನ್ನೇ ಸರಿಯಾಗಿ ಬರೆಯಿರಿ ಎನ್ನುವುದು ಅದಕ್ಕೇ.

ಕಾಗದ ಕೈಗೆ ಬಂದ ಮೇಲೆ ಟೇಪು ಹಿಡಿದು ಬೀದಿಗೆ ಇಳಿಯಿರಿ. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ದಪ್ಪ ಇರುತ್ತದೆ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದಿದ್ದರೆ 45 ಘನ ಮೀಟರ್ ಕಾಂಕ್ರೀಟ್. ನಿಜವಾದ ದಪ್ಪ 10 ಸೆಂಟಿಮೀಟರ್ ಆಗಿದ್ದರೆ ಬಿದ್ದಿರುವುದು 30 ಮಾತ್ರ. ಆರು ಘನ ಮೀಟರ್ ಹಿಡಿಯುವ ಮಿಕ್ಸರ್ ಲಾರಿಯ ಲೆಕ್ಕದಲ್ಲಿ ಎರಡೂವರೆ ಲೋಡು ಬೀದಿಗೆ ಬರಲೇ ಇಲ್ಲ. ಒಂದು ಎಚ್ಚರಿಕೆ: ಅಂಚಿನಲ್ಲಿ ಅಳೆದು ‘ಸರಿಯಾಗಿದೆಯಲ್ಲ’ ಎಂದು ತಿರುಗಬೇಡಿ. ಅಂಚಿಗೆ ಪ್ಲೇಟು ನಿಲ್ಲಿಸಿ ಅಲ್ಲಿ ಪೂರ್ತಿ ಸುರಿದು, ನಡುವೆ ನೆಲ ಉಬ್ಬಿದ್ದಲ್ಲಿ ತೆಳುವಾಗಿ ಎಳೆದುಬಿಡುವುದು ಹಳೆಯ ಉಪಾಯ. ನಡುಭಾಗದ ದಪ್ಪ ತಿಳಿಯಲು ಕೊಳವೆಯಾಕಾರದ ತುಂಡು ಕೊರೆದು ತೆಗೆಯುವ ‘ಕೋರ್ ಕಟಿಂಗ್’ ಪರೀಕ್ಷೆಯೇ ಆಗಬೇಕು. ಕಾಮಗಾರಿ ಪರಿಶೀಲಿಸುವುದು, ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವುದು ಕೂಡ ಕಾಯ್ದೆಯ 2(ಜೆ) ಕಲಮಿನಲ್ಲಿ ನಿಮ್ಮ ಹಕ್ಕು.

ದಪ್ಪ ಸರಿಯಿದ್ದೂ ಜಲ್ಲಿ ಎದ್ದರೆ ಮಿಶ್ರಣಕ್ಕೆ ನೀರು ಹೆಚ್ಚಾಗಿರಬಹುದು, ಇಲ್ಲವೇ ಗೋಣಿ ಹೊದಿಸಿ ದಿನಗಟ್ಟಲೆ ನೀರುಣಿಸುವ ಕೆಲಸ ಬಿಟ್ಟಿರಬಹುದು. ಕರಾರಿನಲ್ಲಿ ‘ದೋಷ ಹೊಣೆ ಅವಧಿ’ ಎಷ್ಟು ಎಂದು ನೋಡಿ. ಅದು ಮುಗಿಯುವ ಮೊದಲು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಲಿಖಿತ ದೂರು ಕೊಟ್ಟರೆ ಗುತ್ತಿಗೆದಾರರ ಖರ್ಚಿನಲ್ಲೇ ದುರಸ್ತಿ ಮಾಡಿಸಲು ದಾರಿಯಿದೆ.

ದಾಖಲೆ ಕೈಗೆ ಸಿಕ್ಕ ಕೂಡಲೇ ಗುತ್ತಿಗೆದಾರನ ಮನೆ ಬಾಗಿಲಿಗೆ ಹೋಗಿ ‘ಮಾತುಕತೆ’ ನಡೆಸುವ ಅರ್ಜಿದಾರರೂ ಊರೂರಲ್ಲಿ ಇದ್ದಾರೆ. ಆ ಪೈಕಿಯವರಿಂದಾಗಿಯೇ ಪ್ರಾಮಾಣಿಕ ಅರ್ಜಿಗೂ ಕಚೇರಿಯವರು ಮುಖ ಸಿಂಡರಿಸುತ್ತಾರೆ.

ಪ್ರಶ್ನೆ: ಅರ್ಜಿ ಕೊಟ್ಟರೆ ‘ಇಟ್ಟು ಹೋಗಿ, ನೋಡೋಣ’ ಎನ್ನುತ್ತಾರೆ. ಹದಿನೈದು ದಿನ ಬಿಟ್ಟು ಹೋದರೆ ‘ಕಾಫಿಗೆ ಏನಾದರೂ…’ ಎಂದು ನಗುತ್ತಾರೆ. ಸರ್ಕಾರಿ ಸೇವೆಗೆ ಗಡುವು ಹಾಕುವ ‘ಸಕಾಲ’ ಕಾಯ್ದೆ ಇದೆಯಲ್ಲ, ಏನು ಉಪಯೋಗ?

‘ಇಟ್ಟು ಹೋಗಿ’ ಎಂದಾಗಲೇ ಸಕಾಲ ಕೈತಪ್ಪಿತು. ಅರ್ಜಿ ಕಂಪ್ಯೂಟರಿಗೆ ಏರಿ ಅದನ್ನು ಗುರುತಿಸುವ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಹುಟ್ಟುವವರೆಗೆ ಕಾಲಮಿತಿ ಶುರುವಾಗುವುದೇ ಇಲ್ಲ. ಮೇಜಿನ ಮೇಲೆ ಇಟ್ಟು ಬಂದ ಅರ್ಜಿ ಕಾನೂನಿನ ಕಣ್ಣಿಗೆ ಇಲ್ಲದ ಅರ್ಜಿ. ಆ ಸಂಖ್ಯೆ ಮತ್ತು ವಿಲೇವಾರಿ ದಿನಾಂಕವಿರುವ ಸ್ವೀಕೃತಿ ಕೈಗೆ ಬಾರದೆ ಕಿಟಕಿ ಬಿಟ್ಟು ಕದಲಬೇಡಿ. ದಾಖಲೆ ಕಡಿಮೆಯಿದೆ ಎಂದರೆ ಯಾವುದು ಎಂದು ಬರೆಸಿಕೊಳ್ಳಿ. ಕೊನೆಯ ದಿನ ‘ದಾಖಲೆ ಅಪೂರ್ಣ’ ಎಂದು ತಿರಸ್ಕರಿಸಿ ಗಡುವು ಉಳಿಸಿಕೊಳ್ಳುವ ಚಾಳಿ ಇದೆ. ಆಗ ಆ ಚೀಟಿ ನಿಮ್ಮ ಆಧಾರ.

ಗಡುವು ಮೀರಿದರೆ, ಅಥವಾ ಸಕಾರಣವಿಲ್ಲದೆ ತಿರಸ್ಕರಿಸಿದರೆ, ಅದೇ ಸಂಖ್ಯೆ ಹಾಕಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಸಿಗುತ್ತದೆ. ಮೊತ್ತ ಅಲ್ಪ, ನಿಜ. ಆದರೆ ಅದು ತಪ್ಪಿತಸ್ಥರ ಜೇಬಿನಿಂದ ಹೋಗಬೇಕಾದ ಹಣ, ಅದಕ್ಕೇ ಚುರುಕು ಮುಟ್ಟುತ್ತದೆ.

ಪ್ರಶ್ನೆ: ಖಾತೆ ಬದಲಾವಣೆಗೆ ಇಪ್ಪತ್ತು ಸಾವಿರ ಕೇಳಿದರು. ಬೇರೆ ದಾರಿ ಕಾಣದೆ ನಾಲ್ಕು ದಿನದ ಹಿಂದೆ ಐದು ಸಾವಿರ ಕೊಟ್ಟುಬಿಟ್ಟೆ. ಈಗ ದೂರು ಕೊಟ್ಟರೆ ನಾನೂ ಒಳಗೆ ಹೋಗುತ್ತೇನೆಯೇ?

ಈ ವಾರವೇ ಹೊರಡಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ನೇರ ಅಪರಾಧ, ಏಳು ವರ್ಷದವರೆಗೆ ಶಿಕ್ಷೆ. ಆದರೆ ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು ಕೊಟ್ಟ ದಿನದಿಂದ ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಆ ಕಲಮು ಅವರಿಗೆ ಅನ್ವಯಿಸದು. ನಿಮಗೆ ಮೂರು ದಿನ ಉಳಿದಿದೆ. ಹೋಗಬೇಕಾದದ್ದು ನಿಮ್ಮ ಜಿಲ್ಲೆಯ ಲೋಕಾಯುಕ್ತ ಪೊಲೀಸ್ ಠಾಣೆಗೆ. 2016ರಲ್ಲಿ ರಚನೆಯಾದ ಭ್ರಷ್ಟಾಚಾರ ನಿಗ್ರಹ ದಳವನ್ನು 2022ರ ಆಗಸ್ಟಿನಲ್ಲಿ ಹೈಕೋರ್ಟ್ ರದ್ದು ಮಾಡಿದ ಮೇಲೆ ಈ ಕೆಲಸ ಮತ್ತೆ ಅವರ ಕೈಗೇ ಬಂದಿದೆ.

ಬಾಕಿ ಹಣಕ್ಕೆ ಬಲೆ ಬೀಸುವುದಾದರೆ ಅದು ನಡೆಯುವ ರೀತಿ ಹೀಗೆ: ನೋಟುಗಳ ನಂಬರನ್ನು ಪಂಚ ಸಾಕ್ಷಿಗಳ ಎದುರು ಮಹಜರಿನಲ್ಲಿ ಬರೆದು, ಅವಕ್ಕೆ ಫಿನಾಫ್ತಲೀನ್ ಪುಡಿ ಸವರುತ್ತಾರೆ. ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿಗೆ ತಿರುಗುತ್ತದೆ. ಆ ನೀರನ್ನು ಬಾಟಲಿಯಲ್ಲಿ ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ನಿಮ್ಮ ಜೊತೆಗೆ ಒಬ್ಬ ಸಾಕ್ಷಿ ಬಂದು ಮಾತು ಕೇಳಿಸಿಕೊಳ್ಳುತ್ತಾನೆ.

ಕೋರ್ಟಿನಲ್ಲಿ ಕೇಸು ಬಿದ್ದುಹೋಗುವುದು ಸಾಮಾನ್ಯವಾಗಿ ಬಣ್ಣದಿಂದಲ್ಲ, ಮಾತಿನಿಂದ. ಹಣ ಕೈಯಲ್ಲಿ ಸಿಕ್ಕರೆ ಸಾಲದು, ಅವರು ಕೇಳಿದ್ದರು ಎನ್ನುವುದು ಸಾಬೀತಾಗಬೇಕು. ಗಾಬರಿಯಲ್ಲಿ ಒಳಗೆ ಹೋದವರೇ ನೋಟು ಮೇಜಿನ ಮೇಲಿಟ್ಟು ಬಂದರೆ ‘ಸಾಲ ವಾಪಸ್ ಕೊಟ್ಟರು’ ಎಂಬ ಕಥೆ ಹುಟ್ಟುತ್ತದೆ. ‘ನನ್ನ ಕೆಲಸ ಏನಾಯ್ತು ಸಾರ್?’ ಎಂದಷ್ಟೇ ಕೇಳಿ ಸುಮ್ಮನಿರಿ, ‘ತಂದಿದ್ದೀಯಾ?’ ಅವರ ಬಾಯಿಂದ ಬರಲಿ. ಮೊದಲೇ ಫೋನಿನಲ್ಲಿ ರೆಕಾರ್ಡ್ ಮಾಡಿದ್ದರೆ ಆ ಫೋನನ್ನೇ ಜೋಪಾನವಾಗಿಡಿ. ಯಾರಿಗೂ ವಾಟ್ಸಾಪ್ ಮಾಡಬೇಡಿ, ಕತ್ತರಿಸಬೇಡಿ. ಮೂಲ ಫೈಲಿಗೆ ಇರುವ ಬೆಲೆ ಅದರ ನಕಲಿಗಿಲ್ಲ, ಜೊತೆಗೆ ಸುದ್ದಿ ಹಬ್ಬಿದರೆ ಬಲೆಯೂ ಹೋಯಿತು.

ದೂರು ಕೊಟ್ಟು ಆಮೇಲೆ ರಾಜಿಯಾಗಿ ಕಟಕಟೆಯಲ್ಲಿ ‘ನೆನಪಿಲ್ಲ’ ಎನ್ನುವವರಿಗೂ ಒಂದು ಮಾತು. ದೂರುದಾರ ಉಲ್ಟಾ ಹೊಡೆದರೂ ಬೇರೆ ಸಾಕ್ಷ್ಯದಿಂದ ಬೇಡಿಕೆಯನ್ನು ಸಾಬೀತುಪಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರಿನಲ್ಲಿ ಹೇಳಿದೆ.

ಪ್ರಶ್ನೆ: ಮಗನಿಗೆ ಸರ್ಕಾರಿ ನೌಕರಿ ಸಿಕ್ಕಿದೆ. ಬಿಪಿಎಲ್ ಕಾರ್ಡ್ ಹಿಂತಿರುಗಿಸೋಣ ಎಂದರೆ ‘ಆಸ್ಪತ್ರೆಗೆ ಬೇಕಾಗುತ್ತೆ, ಸುಮ್ಮನಿರು’ ಎನ್ನುತ್ತಾರೆ ಮನೆಯವರು.

ಕಾಯಂ ಸರ್ಕಾರಿ ನೌಕರರಿರುವ ಕುಟುಂಬಕ್ಕೆ ಆದ್ಯತಾ (ಬಿಪಿಎಲ್) ಕಾರ್ಡ್ ಇಲ್ಲ. ವರ್ಷಕ್ಕೆ 1.20 ಲಕ್ಷ ಮೀರಿದ ಆದಾಯ, ಸ್ವಂತ ಓಡಾಟದ ಕಾರು, ಆದಾಯ ತೆರಿಗೆ ಕಟ್ಟುವುದು ಕೂಡ ಅಡ್ಡ ಬರುತ್ತವೆ. ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಕಾರ್ಡಿನ ನಕಲು ಲಗತ್ತಿಸಿ ‘ಆದ್ಯತೇತರ (ಎಪಿಎಲ್) ಪಡಿತರ ಚೀಟಿಗೆ ಬದಲಾಯಿಸಿಕೊಡಿ’ ಎಂದು ಅರ್ಜಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ನೀವಾಗಿಯೇ ಕೊಟ್ಟಿರಿ ಎನ್ನಲು ಅದೇ ಪುರಾವೆ. ಅವರಾಗಿ ಪತ್ತೆ ಹಚ್ಚಿದರೆ ತಿಂದ ಅಕ್ಕಿಯ ಬೆಲೆ ವಸೂಲಿ, ಮಗನಿಗೆ ಇಲಾಖಾ ನೋಟಿಸು. ಮಗ ನಿಜವಾಗಿಯೂ ಬೇರೆ ಸಂಸಾರ ಮಾಡಿದ್ದರೆ ಅವನ ಹೆಸರು ತೆಗೆಸಿ, ಉಳಿದವರ ಅರ್ಹತೆಯನ್ನು ಹೊಸದಾಗಿ ನೋಡುವಂತೆ ಕೇಳಿ.

ಆಸ್ಪತ್ರೆಯ ಭಯ ಸುಳ್ಳಲ್ಲ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ, ಎಪಿಎಲ್‌ನವರಿಗೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ ಶೇ 30 ಮಾತ್ರ. ಆದರೆ ನೌಕರರ ಆರೋಗ್ಯ ಸಂಜೀವಿನಿ ಯೋಜನೆಯಲ್ಲಿ ಅವಲಂಬಿತ ತಂದೆತಾಯಿಯರನ್ನೂ ಷರತ್ತಿಗೊಳಪಟ್ಟು ಸೇರಿಸಬಹುದು. ಮಗ ಮೊದಲು ಅದನ್ನು ವಿಚಾರಿಸಲಿ.

ಪ್ರಶ್ನೆ: ಚುನಾವಣೆಯಲ್ಲಿ ದುಡ್ಡು ಕೊಟ್ಟು ದೇವರ ಫೋಟೊ ಮುಟ್ಟಿಸಿ ಆಣೆ ಹಾಕಿಸಿಕೊಳ್ಳುತ್ತಾರೆ. ಯಾರಿಗೆ ಹಾಕಿದೆವೆಂದು ಅವರಿಗೆ ಗೊತ್ತಾಗುತ್ತದಂತೆ, ನಿಜವೇ?

ನಿಮ್ಮೊಬ್ಬರ ಮತ ಗೊತ್ತಾಗದು. ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಯಂತ್ರದ ಚೀಟಿ ಗಾಜಿನಲ್ಲಿ ಏಳು ಸೆಕೆಂಡು ಕಂಡು ಪೆಟ್ಟಿಗೆಗೆ ಬೀಳುತ್ತದೆ, ಅದರ ಮೇಲೆ ಮತದಾರರ ಹೆಸರಾಗಲಿ ಸಂಖ್ಯೆಯಾಗಲಿ ಇರುವುದಿಲ್ಲ. ಗೊತ್ತಾಗುವುದು ಬೂತಿನ ಒಟ್ಟು ಲೆಕ್ಕ. ಎಣಿಕೆ ಬೂತುವಾರು ನಡೆದು ಆ ಪಟ್ಟಿ ಬಹಿರಂಗವಾಗುತ್ತದೆ. ‘ನಿಮ್ಮ ಓಣಿಯವರು ಕೈಕೊಟ್ಟಿರಿ’ ಎಂದು ಗದರಿಸುವ ಧೈರ್ಯ ಅವರಿಗೆ ಬರುವುದು ಅಲ್ಲಿಂದ.

ದುಡ್ಡು ಪಡೆಯುವುದೂ ಕೊಟ್ಟಷ್ಟೇ ಅಪರಾಧ, ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಂದು ವರ್ಷದವರೆಗೆ ಶಿಕ್ಷೆ ಇದೆ. ‘ಇಸ್ಕೊಂಡು ಬೇಕಾದವರಿಗೆ ಹಾಕ್ತೀವಿ’ ಎನ್ನುವ ಜಾಣತನ ಅಲ್ಲಿ ನಡೆಯುವುದಿಲ್ಲ. ಆಣೆಯ ವಿಷಯ ಹಲವರಿಗೆ ತಿಳಿದಿಲ್ಲ: ದೈವಕೋಪಕ್ಕೆ ಗುರಿಯಾಗುತ್ತೀರಿ ಎಂದು ಮತದಾರನನ್ನು ನಂಬಿಸುವುದು ಪ್ರತ್ಯೇಕ ಅಪರಾಧ, ಅದೇ ಸಂಹಿತೆಯ 171ನೇ ಕಲಮು ಅದನ್ನು ಹೆಸರಿಸಿಯೇ ಹೇಳುತ್ತದೆ. ದೂರಿಗೆ ಸಿ-ವಿಜಿಲ್ ಆ್ಯಪ್ ಇದೆ. ಫೋಟೊವನ್ನು ಆ್ಯಪಿನಿಂದಲೇ, ಸ್ಥಳದಿಂದಲೇ ತೆಗೆಯಬೇಕು, ಗ್ಯಾಲರಿಯ ಹಳೆಯ ಚಿತ್ರ ಏರುವುದಿಲ್ಲ. ಹೆಸರು ಹೇಳದೆಯೂ ಕಳಿಸಬಹುದು. ನೂರು ನಿಮಿಷದಲ್ಲಿ ಕ್ರಮವಾಗಬೇಕೆಂಬುದು ಚುನಾವಣಾ ಆಯೋಗದ ಗುರಿ.

ಪ್ರಶ್ನೆ: ಪಕ್ಕದ ಮನೆಯಲ್ಲಿ ಯಜಮಾನರು ತೀರಿಕೊಂಡರು. ಪೌತಿ ಖಾತೆಗೆಂದು, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲೆಂದು, ಮಾಡಿದ ವಂಶವೃಕ್ಷಕ್ಕೆ ಸಾಕ್ಷಿ ಸಹಿ ಹಾಕಲು ಕರೆದಿದ್ದಾರೆ. ಮದುವೆಯಾದ ಇಬ್ಬರು ಹೆಣ್ಣುಮಕ್ಕಳ ಹೆಸರು ಅದರಲ್ಲಿಲ್ಲ. ‘ಅವರಿಗೇನೂ ಬೇಡವಂತೆ’ ಎನ್ನುತ್ತಾರೆ. ನೆರೆಹೊರೆ, ಇಲ್ಲ ಎನ್ನುವುದು ಹೇಗೆ?

ಹಾಕಬೇಡಿ. ವಂಶವೃಕ್ಷ ಎಂದರೆ ಆ ಮನೆಯಲ್ಲಿ ಯಾರು ಹುಟ್ಟಿದರು ಎಂಬ ಪಟ್ಟಿ, ಯಾರಿಗೆ ಆಸ್ತಿ ಬೇಕು ಬೇಡ ಎಂಬುದಲ್ಲ. ಮದುವೆಯಾದವರು, ತೀರಿಕೊಂಡವರು, ಊರು ಬಿಟ್ಟವರು ಎಲ್ಲರೂ ಅದರಲ್ಲಿ ಇರಬೇಕು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯಿಂದ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹೆಣ್ಣುಮಕ್ಕಳು ನಿಜವಾಗಿಯೂ ಬೇಡವೆಂದರೆ ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿಕೊಡಲಿ. ಆ ಪತ್ರಕ್ಕೂ ಮೊದಲು ಅವರ ಹೆಸರು ವೃಕ್ಷದಲ್ಲಿ ಇರಬೇಕು.

ಹತ್ತು ವರ್ಷ ಬಿಟ್ಟು ಜಮೀನಿಗೆ ಬೆಲೆ ಬಂದಾಗ ಅಕ್ಕತಂಗಿಯರು ಪಾಲಿನ ದಾವೆ ಹೂಡುತ್ತಾರೆ, ಸಮನ್ಸು ಬರುವುದು ಸಾಕ್ಷಿಗೆ. ‘ಇಬ್ಬರು ಹೆಣ್ಣುಮಕ್ಕಳಿದ್ದದ್ದು ನಿಮಗೆ ಗೊತ್ತಿತ್ತೇ?’ ಎಂಬ ವಕೀಲರ ಮೊದಲ ಪ್ರಶ್ನೆಗೆ, ಅವರ ಮದುವೆ ಊಟ ಉಂಡ ನೀವು ಏನೆನ್ನುತ್ತೀರಿ?

ನೆರೆಯವರಿಗೆ ಬೇಸರವಾಗದಂತೆ ಹೇಳಲು ಒಂದು ದಾರಿ: ‘ಇಬ್ಬರ ಹೆಸರು, ಕೊಟ್ಟ ಊರು ಸೇರಿಸಿ ತನ್ನಿ, ಇವತ್ತೇ ಹಾಕುತ್ತೇನೆ.’ ಅಧಿಕಾರಿ ಸ್ಥಳ ಮಹಜರಿಗೆ ಬಂದರೂ ಇದೇ ಕ್ರಮ. ಪೂರ್ತಿ ಓದಿ, ಬರದಿದ್ದರೆ ಓದಿಸಿ ಕೇಳಿ. ಖಾಲಿ ಹಾಳೆಗೆ ಸಹಿ ಬೇಡ. ಬರಹ ಮುಗಿದ ಕೆಳಗಿನ ಜಾಗಕ್ಕೆ ಅಡ್ಡಗೆರೆ ಎಳೆಸಿ, ತಿದ್ದಿದ ಕಡೆಯಲ್ಲೆಲ್ಲ ಅವರ ಸಹಿ ಇದೆಯೇ ನೋಡಿ, ಆಮೇಲೆ ನಿಮ್ಮದನ್ನು ಹಾಕಿ, ಪಕ್ಕದಲ್ಲಿ ದಿನಾಂಕ ಮತ್ತು ಗಂಟೆ ಬರೆಯಿರಿ.