ಮಾರ್ಕೆಟ್‌ನಲ್ಲಿ ಚೌಕಾಸಿ, ಮೊಬೈಲ್‌ನಲ್ಲಿ ಕಣ್ಮುಚ್ಚಿ ಖರೀದಿ: ಯಾಕೆ ಹೀಗೆ?

ಸ್ಮಾರ್ಟ್ ವಾಚ್, ಫಿಟ್‌ನೆಸ್ ಬ್ಯಾಂಡ್‌ಗಳ ಆನ್‌ಲೈನ್ ಖರೀದಿ ಬಗ್ಗೆ ಬಂದ ಮೂರು ಪ್ರಶ್ನೆಗಳಿಗೆ ಆಪ್ತ ಸಮಾಲೋಚಕರ ಉತ್ತರ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಎಲ್‌ಬಿಎಸ್ ಮಾರ್ಕೆಟ್‌ಗೆ ಹೋದರೆ ಮೆಂತ್ಯ ಸಿವುಡಿಗೂ ಚೌಕಾಸಿ ಮಾಡುತ್ತೇನೆ. ಅದೇ ನಾನು ಎರಡು ವರ್ಷದಲ್ಲಿ ಆನ್‌ಲೈನ್‌ನಲ್ಲಿ ಮೂರು ಸ್ಮಾರ್ಟ್ ವಾಚ್ ತರಿಸಿದ್ದೇನೆ. ಯಾವುದನ್ನೂ ಒಂದು ತಿಂಗಳಿಗಿಂತ ಜಾಸ್ತಿ ಕಟ್ಟಿಕೊಂಡಿಲ್ಲ. ಈಗ ನಾಲ್ಕನೆಯದು ಕಾರ್ಟ್‌ನಲ್ಲಿದೆ, 7,999 ರೂಪಾಯಿಯದು 1,799ಕ್ಕೆ. ಇದು ಚಟವೇ?
– ಓದುಗಿ, ಜಲನಗರ, ವಿಜಯಪುರ

ಉತ್ತರ: ಚಟ ಅನ್ನುವಷ್ಟು ದೂರ ನೀವು ಹೋಗಿಲ್ಲ. ಬಂದ ಬಾಕ್ಸ್ ಬಚ್ಚಿಡುವುದು, ಸಾಲ ಮಾಡಿ ತರಿಸುವುದು, ಆರ್ಡರ್ ಹಾಕದಿದ್ದರೆ ಚಡಪಡಿಸುವುದು, ಇದೇ ವಿಷಯಕ್ಕೆ ಮನೆಯಲ್ಲಿ ಜಗಳ ಆಗುವುದು – ಇವೆಲ್ಲ ಶುರುವಾಗಿದ್ದರೆ ಮಾತ್ರ ಯೋಚಿಸಬೇಕು. ಆಗ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಬಹುದು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಇದೆ, ಕರೆ ಉಚಿತ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಆ ಮೆಂತ್ಯ ಸಿವುಡು. ಅಲ್ಲಿ ನೀವು ಯಾಕೆ ಅಷ್ಟು ಗಟ್ಟಿ? ಹೋದ ವಾರ ಎಷ್ಟಿತ್ತು, ಪಕ್ಕದ ಬುಟ್ಟಿಯಲ್ಲಿ ಎಷ್ಟಕ್ಕಿದೆ, ಕತ್ತಲಾದ ಮೇಲೆ ಎಷ್ಟಕ್ಕೆ ಇಳಿಯುತ್ತದೆ, ಎಲ್ಲ ನಿಮಗೆ ಗೊತ್ತು. ಮಾರುವವಳು ಇಪ್ಪತ್ತು ಅಂದರೆ ನಿಮ್ಮ ಬಾಯಿಗೆ ಹತ್ತು ತಾನಾಗಿ ಬರುತ್ತದೆ. ವಾಚಿನ ವಿಷಯದಲ್ಲಿ ಹಾಗೆ ನಿಮ್ಮದೇ ಅಂತ ಒಂದು ರೇಟು ತಲೆಯಲ್ಲಿರುವುದಿಲ್ಲ. ಆ ಖಾಲಿ ಜಾಗದಲ್ಲಿ 7,999 ಬಂದು ಕೂರುತ್ತದೆ. ಅದರ ಮೇಲೊಂದು ಗೀಟು ಎಳೆದು ಪಕ್ಕದಲ್ಲಿ 1,799 ಅಂತ ಬರೆದಾಗ, ನಿಮ್ಮ ಪಾಲಿನ ಚೌಕಾಸಿಯನ್ನು ಯಾರೋ ಮುಗಿಸಿಕೊಟ್ಟ ಹಾಗೆ ಅನಿಸುತ್ತದೆ. ಮಾರ್ಕೆಟ್‌ನಲ್ಲಿ ರೇಟು ಇಳಿಸಿದಾಗ ಸಿಗುವ ಆ ಗೆದ್ದ ಖುಷಿ ಇಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಎಂಆರ್‌ಪಿ ನಮೂದಿಸುವುದು ತಯಾರಿಸುವ ಅಥವಾ ಆಮದು ಮಾಡುವ ಕಂಪನಿಯೇ. ಆ ಬೆಲೆಗೆ ಯಾರಾದರೂ ಯಾವತ್ತಾದರೂ ಕೊಂಡಿದ್ದಾರಾ ಅಂತ ಅದು ಹೇಳುವುದಿಲ್ಲ.

ಮೊದಲು ಕಂಡ ಅಂಕಿ ನಮ್ಮನ್ನು ಎಷ್ಟು ಎಳೆಯುತ್ತದೆ ಅನ್ನುವುದಕ್ಕೆ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನಮನ್ ಮತ್ತು ಏಮೋಸ್ ಟ್ವರ್ಸ್ಕಿ 1974ರಲ್ಲಿ ಬರೆದ ಒಂದು ಪ್ರಯೋಗ ಪ್ರಸಿದ್ಧ. ಅಂಕಿಗಳಿರುವ ಒಂದು ಚಕ್ರ ತಿರುಗಿಸಿದರು. ಅದು 10 ಅಥವಾ 65ಕ್ಕೇ ನಿಲ್ಲುವಂತೆ ಮೊದಲೇ ಮಾಡಿಟ್ಟಿದ್ದರು. ಆಮೇಲೆ, ವಿಶ್ವಸಂಸ್ಥೆಯ ಸದಸ್ಯರಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಅಂತ ಕೇಳಿದರು. ಚಕ್ರ 10ಕ್ಕೆ ನಿಂತದ್ದನ್ನು ನೋಡಿದವರ ಉತ್ತರ 25ರ ಆಸುಪಾಸು, 65 ನೋಡಿದವರದು 45ರ ಆಸುಪಾಸು. ಚಕ್ರಕ್ಕೂ ಆಫ್ರಿಕಾಕ್ಕೂ ಏನೂ ಸಂಬಂಧವಿಲ್ಲ, ಆದರೂ ಅಂಕಿ ತನ್ನ ಕಡೆಗೆ ಎಳೆಯಿತು. ಹೀಗಿರುವಾಗ ವಾಚಿನ ಫೋಟೋ ಪಕ್ಕದಲ್ಲೇ ಇರುವ ಅಂಕಿ ಸುಮ್ನೆ ಬಿಡುತ್ತದೆಯೇ?

ಇದು ಅರ್ಧ ಉತ್ತರ ಮಾತ್ರ. ಅಗ್ಗ ಅಂತ ಒಂದು ವಾಚ್ ಕೊಳ್ಳಬಹುದು. ನಾಲ್ಕನೆಯದು ಯಾಕೆ?

ಮೂರೂ ವಾಚ್‌ಗಳನ್ನು ಯಾವ ದಿನ ಆರ್ಡರ್ ಮಾಡಿದಿರಿ ಅಂತ ಆ್ಯಪ್‌ನಲ್ಲಿ ಒಮ್ಮೆ ನೋಡಿ. ಹುಟ್ಟುಹಬ್ಬ, ಹೊಸ ವರ್ಷ, ರಕ್ತ ಪರೀಕ್ಷೆಯ ರಿಪೋರ್ಟ್ ಬಂದ ಸಂಜೆ, ವೃಕ್ಷಥಾನ್ ಓಟ ನೋಡಿ ಬಂದ ಭಾನುವಾರ – ಇಂಥ ಯಾವುದಾದರೂ ದಿನ ಸಿಕ್ಕರೆ ನನಗೆ ಆಶ್ಚರ್ಯವಿಲ್ಲ. ವಾರ, ತಿಂಗಳು, ವರ್ಷ ಹೊಸದಾಗಿ ಶುರುವಾದಾಗ ಜನ ಡಯಟ್ ಬಗ್ಗೆ ಹುಡುಕುವುದು, ಜಿಮ್‌ಗೆ ಹೋಗುವುದು ಹೆಚ್ಚಾಗುತ್ತದೆ ಎಂದು ಸಂಶೋಧಕರಾದ ಹೆಂಗ್‌ಚೆನ್ ದಾಯ್, ಕ್ಯಾಥರಿನ್ ಮಿಲ್ಕ್‌ಮನ್, ಜೇಸನ್ ರೀಸ್ 2014ರಲ್ಲಿ ತೋರಿಸಿದ್ದಾರೆ. ಹಳೆಯ ಸೋಲನ್ನು ಹಿಂದೆ ಬಿಟ್ಟ ಹಾಗೆ ಆ ದಿನ ಅನಿಸುತ್ತದೆ. ವಾಚ್ ಕೊಡುವುದೂ ಇದನ್ನೇ. ಹಳೆಯದು ರಾತ್ರಿ ಊಟದ ಹೊತ್ತಿಗೆ 4,300 ಹೆಜ್ಜೆ ಅಂತ ತೋರಿಸಿ ದಿನಾ ಚುಚ್ಚುತ್ತಿತ್ತು ಅಂದುಕೊಳ್ಳಿ. ಅದು ಡ್ರಾಯರ್ ಸೇರಿತು. ಹೊಸದು ಬಂದರೆ ಲೆಕ್ಕ ಸೊನ್ನೆಯಿಂದ ಶುರು. ಬೆಳಿಗ್ಗೆ ಐದಕ್ಕೆ ಎದ್ದು ಗೋಳಗುಮ್ಮಟದ ಕಡೆ ನಡೆಯುವ ಒಬ್ಬಳು ಟೀಚರ್ ನಿಮ್ಮ ಮನಸ್ಸಿನಲ್ಲಿದ್ದಾಳೆ. ಆರ್ಡರ್ ಹಾಕಿದ ಕ್ಷಣ ನೀವು ಅವಳಾಗಿಬಿಟ್ಟಿರಿ ಅನಿಸುತ್ತದೆ. ನಡೆಯುವ ಮೊದಲೇ ನಡೆದ ಸಮಾಧಾನ! ಕೊಳ್ಳುವ ಖುಷಿಯ ಬಹುಪಾಲು ಕೊರಿಯರ್ ಬರುವ ಮೊದಲೇ ಮುಗಿದಿರುತ್ತದೆ.

ವಾಚ್ ಕಟ್ಟಿದ ಮಾತ್ರಕ್ಕೆ ತೂಕ ಇಳಿಯುವುದಿಲ್ಲ. ಅಮೆರಿಕದಲ್ಲಿ 471 ಯುವಜನರ ಮೇಲೆ ಎರಡು ವರ್ಷ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಊಟ, ವ್ಯಾಯಾಮದ ಸಲಹೆ ಇತ್ತು. ಧರಿಸುವ ಸಾಧನ ಕೊಟ್ಟ ಗುಂಪು ಸರಾಸರಿ 3.5 ಕಿಲೋ ಇಳಿಸಿಕೊಂಡರೆ, ಕೊಡದ ಗುಂಪು 5.9 ಕಿಲೋ ಇಳಿಸಿಕೊಂಡಿತು. ಇನ್ನು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನುವ ಆ ಗುರಿ 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹುಟ್ಟಿದ್ದು. ಅಮೆರಿಕದ ವಯಸ್ಸಾದ ಮಹಿಳೆಯರ ಮೇಲೆ 2019ರಲ್ಲಿ ಬಂದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆಯಲ್ಲೇ ಸಾವಿನ ಅಪಾಯ ಇಳಿದದ್ದು ಕಂಡಿತ್ತು, 7,500ರ ಹೊತ್ತಿಗೆ ಆ ಇಳಿಕೆ ಒಂದು ಮಟ್ಟಕ್ಕೆ ನಿಂತಿತ್ತು. ನಿಮ್ಮನ್ನು ಚುಚ್ಚುತ್ತಿದ್ದ ಅಂಕಿ ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ, ಅಲ್ವಾ?

ಹಾಗಾಗಿ ಡ್ರಾಯರ್‌ನಲ್ಲಿರುವ ಮೂರರಲ್ಲಿ ಯಾವುದಕ್ಕೆ ಜೀವವಿದೆಯೋ ಅದನ್ನು ಚಾರ್ಜ್ ಮಾಡಿ. ಗುರಿಯನ್ನು ಐದು ಸಾವಿರಕ್ಕೆ ಇಳಿಸಿ. ಪಟ್ಟಿ ಹರಿದಿದ್ದರೆ ಪಟ್ಟಿ ಮಾತ್ರ ಕೊಳ್ಳಿ. ಆ್ಯಪ್‌ನಲ್ಲಿ ಉಳಿಸಿಟ್ಟ ಕಾರ್ಡ್ ನಂಬರ್ ಅಳಿಸಿಬಿಡಿ. ಎದ್ದು ಹೋಗಿ ಪರ್ಸ್ ಹುಡುಕುವ ಆ ಎರಡು ನಿಮಿಷದಲ್ಲಿ ಎಷ್ಟೋ ಆರ್ಡರ್‌ಗಳು ಬಿದ್ದುಹೋಗುತ್ತವೆ.

ಪ್ರಶ್ನೆ: ಅಪ್ಪನಿಗೆ ಶುಗರ್ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಸೂಜಿ ಚುಚ್ಚದೆ ಶುಗರ್ ತೋರಿಸುವ ವಾಚ್ ಆನ್‌ಲೈನ್‌ನಲ್ಲಿದೆ. 4.3 ಸ್ಟಾರ್, ಸಾವಿರಾರು ರಿವ್ಯೂ. ತರಿಸಲೇ?
– ಓದುಗ, ಇಂಡಿ

ಉತ್ತರ: ಬೇಡ. ಚರ್ಮ ಚುಚ್ಚದೆ ತಾನಾಗಿ ರಕ್ತದ ಸಕ್ಕರೆ ಅಳೆಯುವ ಯಾವ ವಾಚಿಗೂ, ಉಂಗುರಕ್ಕೂ ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ. ತಪ್ಪು ಅಂಕಿ ನೋಡಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿದರೆ ಜೀವಕ್ಕೇ ಅಪಾಯ. ತೋಳಿಗೆ ಅಂಟಿಸಿಕೊಂಡು ಸಕ್ಕರೆಯನ್ನು ನಿರಂತರ ಅಳೆಯುವ ಸಾಧನ, ಸಿಜಿಎಂ, ಬೇರೆ. ಅದರ ಸಣ್ಣ ಎಳೆ ಚರ್ಮದ ಒಳಗೆ ಹೋಗಿರುತ್ತದೆ. ಅದರ ಅಂಕಿಯನ್ನು ವಾಚ್ ತೋರಿಸಿದರೆ ತೊಂದರೆಯಿಲ್ಲ. ಡಾಕ್ಟರ್ ಹತ್ತಿರ ಅದನ್ನು ಕೇಳಿ.

ಹಾಗಾದರೆ 4.3 ಸ್ಟಾರ್ ಹೇಗೆ ಬಂತು? ರಿವ್ಯೂಗಳನ್ನು ಓದಿ ನೋಡಿ. ‘ಪ್ಯಾಕಿಂಗ್ ಸೂಪರ್’, ‘ಎರಡೇ ದಿನಕ್ಕೆ ಬಂತು’, ‘ಅಪ್ಪನಿಗೆ ಕೊಟ್ಟೆ, ಖುಷಿಯಾದರು’. ವಾಚ್ ಬಂದ ದಿನವೇ ಬರೆದವು. ಲ್ಯಾಬ್ ರಿಪೋರ್ಟ್ ಪಕ್ಕದಲ್ಲಿಟ್ಟು ತಾಳೆ ನೋಡಿದವರು ಅವರಲ್ಲಿ ಎಷ್ಟು ಜನ? ಸ್ಟಾರ್ ಕೊಟ್ಟದ್ದು ಖುಷಿಗೆ, ನಾವು ಓದುವುದು ನಿಖರತೆ ಅಂತ. ಮೇಲಾಗಿ ದಿನಾ ಬೆರಳು ಚುಚ್ಚಿಸಿಕೊಳ್ಳುವ ಅಪ್ಪನ ಮುಖ ನೋಡಿ ಸಾಕಾದ ಮಗನಿಗೆ ಆ ಜಾಹೀರಾತು ನಿಜವಾಗಲಿ ಅಂತ ಆಸೆ ಇರುತ್ತದೆ. ಆಸೆ ಇದ್ದಲ್ಲಿ ಅನುಮಾನ ತಡವಾಗಿ ಬರುತ್ತದೆ. ಅಗ್ಗದ ಕೆಲವು ಬ್ಯಾಂಡ್‌ಗಳನ್ನು ಟಿಶ್ಯೂ ರೋಲ್‌ಗೆ ಕಟ್ಟಿದರೂ ಹೃದಯ ಬಡಿತ ತೋರಿಸುತ್ತವೆ. ಅಂಕಿ ಬಂತು ಅಂದರೆ ಅಳತೆ ಆಯಿತು ಅಂತ ಅರ್ಥವಲ್ಲ.

ಪ್ರಶ್ನೆ: ‘ಆಫರ್ ಮುಗಿಯಲು 9 ನಿಮಿಷ’ ಅಂತ ಗಡಿಯಾರ ಓಡುತ್ತದೆ. ಪೇಜ್ ಮತ್ತೆ ತೆರೆದರೆ ಮತ್ತೆ 9 ನಿಮಿಷ! ವಾರಂಟಿ ಬೇಡ ಅನ್ನಬೇಕಾದರೆ ‘ನನ್ನ ವಾಚಿನ ಕಾಳಜಿ ನನಗಿಲ್ಲ’ ಅನ್ನುವ ಬಟನ್ ಒತ್ತಬೇಕು. ಇದೆಲ್ಲ ಮಾಡಬಹುದಾ?
– ವಿದ್ಯಾರ್ಥಿ, ನವನಗರ, ಬಾಗಲಕೋಟೆ

ಉತ್ತರ: ಮಾಡುವ ಹಾಗಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸುವುದು, ಬೇಡ ಅನ್ನುವವರಿಗೆ ನಾಚಿಕೆ ಆಗುವಂತೆ ಮಾಡುವುದು, ಕೇಳದೆ ಕಾರ್ಟ್‌ಗೆ ಏನನ್ನಾದರೂ ಸೇರಿಸುವುದು, ಮೂರೂ ಅದರಲ್ಲಿವೆ. ಗಡಿಯಾರದ ಸ್ಕ್ರೀನ್‌ಶಾಟ್ ಎರಡು ಸಲ ತೆಗೆಯಿರಿ, ಫೋನಿನ ಸಮಯ ಮೇಲೆ ಕಾಣುವಂತೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.