ಬಿ.ಎಸ್ಸಿ. ಆಗಿದೆ, ಸರ್ಕಾರಿ ಶಾಲೆ ಶಿಕ್ಷಕಿಯಾಗಲು ಡಿ.ಎಲ್.ಇಡಿ. ಮಾಡಲೋ, ಬಿ.ಇಡಿ. ಮಾಡಲೋ?

ಜಗಳೂರಿನವರು, ಸಿಬಿಝಡ್‌ನಲ್ಲಿ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಪದವಿ ಮುಗಿಸಿದ್ದೇನೆ ಅಂತ ಬರೆದಿದ್ದೀರಿ. ಕೋರ್ಸಿನ ಮಾತು ಆಮೇಲೆ. ಎಷ್ಟನೇ ತರಗತಿಗೆ ಕಲಿಸಬೇಕು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. 1ರಿಂದ 5ಕ್ಕೆ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ, ಅಂದರೆ ಡಿ.ಎಲ್.ಇಡಿ. ಬೇಕೇ ಬೇಕು, ಅಲ್ಲಿಗೆ ಬಿ.ಇಡಿ. ನಡೆಯದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. 6ರಿಂದ 8ಕ್ಕೆ ಪದವಿಯ ಜೊತೆ ಎರಡರಲ್ಲಿ ಯಾವುದಾದರೂ ಆಗುತ್ತದೆ. ಹೈಸ್ಕೂಲಿಗೆ ಬಿ.ಇಡಿ. ನಿಮ್ಮ ಕೈಯಲ್ಲಿ ಪದವಿ ಇರುವುದರಿಂದ ನಾನು ಬಿ.ಇಡಿ.ಯನ್ನೇ ಹೇಳುತ್ತೇನೆ: 6ರಿಂದ 10ರವರೆಗೆ ದಾರಿ ತೆರೆದಿರುತ್ತದೆ.

ಬಿ.ಇಡಿ. ಎರಡು ವರ್ಷ. ಪದವಿಯಲ್ಲಿ ಶೇ. 50 ಇರಬೇಕು; ಎಸ್‌ಸಿ, ಎಸ್‌ಟಿ, ಪ್ರವರ್ಗ-1ಕ್ಕೆ ಶೇ. 45. ಸರ್ಕಾರಿ ಕೋಟಾದ ಸೀಟು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿಯಲ್ಲಿ ಸಿಗುತ್ತದೆ, ಅದಕ್ಕೆ ಕಾಯದೆ ಕಾಲೇಜಿಗೆ ಹೋಗಿ ದುಡ್ಡು ಕಟ್ಟಬೇಡಿ. ಬೋಧನಾ ವಿಷಯ ಆರಿಸುವಾಗ ಪದವಿಯ ವಿಷಯಗಳನ್ನೇ ಹಿಡಿಯಿರಿ, ಗೆಳತಿಯರು ತಗೊಂಡರು ಅಂತ ಬೇರೆ ಬೇಡ. ಹೈಸ್ಕೂಲು ನೇಮಕಾತಿಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ), ಸಿಬಿಝಡ್ ಹುದ್ದೆಗಳನ್ನು ಬೇರೆ ಬೇರೆಯಾಗಿ ಕರೆಯುತ್ತಾರೆ. ಅಲ್ಲಿ ತಾಳೆಯಾಗದಿದ್ದರೆ ಅರ್ಜಿಯೇ ಬಿದ್ದುಹೋಗುತ್ತದೆ.

6ರಿಂದ 8ರ ಹುದ್ದೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಎರಡನೇ ಪತ್ರಿಕೆ ಪಾಸಾಗಿರಬೇಕು. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. 90 ಬಂದರೆ ಪಾಸು. ಎಸ್‌ಸಿ, ಎಸ್‌ಟಿ, ಪ್ರವರ್ಗ-1 ಮತ್ತು ಅಂಗವಿಕಲರಿಗೆ ಶೇ. 55 ಸಾಕು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಸಿಬಿಝಡ್‌ನವರು ಸಾಮಾನ್ಯವಾಗಿ ಎಡವುವುದು ಗಣಿತದಲ್ಲಿ. ಗಣಿತ, ವಿಜ್ಞಾನ ಎರಡೂ ಸೇರಿ 60 ಅಂಕ, ಅದರಲ್ಲಿ ಅರ್ಧ ಗಣಿತ. 6ರಿಂದ 10ರವರೆಗಿನ ರಾಜ್ಯ ಪಠ್ಯಪುಸ್ತಕದ ಲೆಕ್ಕಗಳನ್ನು ಕೈಯಾರೆ ಬಿಡಿಸಿ, ಗೈಡಿನಲ್ಲಿ ಓದಿದರೆ ನಿಲ್ಲುವುದಿಲ್ಲ. ಉಳಿದ 90ರಲ್ಲಿ ಶಿಶು ವಿಕಸನ, ಕನ್ನಡ, ಇಂಗ್ಲಿಷ್ ತಲಾ 30. ಭಾಷೆಯ 30ರಲ್ಲಿ 15 ಅಂಕ ಭಾಷೆ ಕಲಿಸುವ ವಿಧಾನದ ಮೇಲೆ ಬರುತ್ತದೆ. ಕನ್ನಡ ಬರುತ್ತದಲ್ಲ ಅಂತ ಅದನ್ನು ಓದದೇ ಹೋಗುವವರೇ ಹೆಚ್ಚು.

ಪಾಸಾದರೆ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಆದರೂ 92ಕ್ಕೆ ತೃಪ್ತಿಪಡಬೇಡಿ. ಟಿಇಟಿ ಅಂಕ ಆಯ್ಕೆ ಪಟ್ಟಿಯ ಮೆರಿಟ್ಟಿಗೂ ಸೇರುತ್ತದೆ, ಮತ್ತೆ ಬರೆದು ಹೆಚ್ಚಿಸಿಕೊಳ್ಳಬಹುದು.

ನೇಮಕಾತಿಗೆ ಸಿಇಟಿ ಎನ್ನುವ ಸ್ಪರ್ಧಾತ್ಮಕ ಪರೀಕ್ಷೆಯನ್ನು ಬೇರೆಯಾಗಿ ಬರೆಯಬೇಕು. 2022ರಲ್ಲಿ 6ರಿಂದ 8ಕ್ಕೆ 15,000 ಹುದ್ದೆ ಕರೆದರು, ಎಲ್ಲ ತುಂಬಲಿಲ್ಲ. ವಿಷಯ ಪತ್ರಿಕೆಗೂ ಭಾಷಾ ಪತ್ರಿಕೆಗೂ ಕನಿಷ್ಠ ಅಂಕ ಬೇಕಿತ್ತು. ಇವುಗಳಲ್ಲಿ ಉತ್ತರವನ್ನು ವಾಕ್ಯ ಕಟ್ಟಿ ಬರೆಯಬೇಕು. ಬರೀ ಗುರುತು ಹಾಕಿ ಅಭ್ಯಾಸವಾದ ಕೈ ಅಲ್ಲಿ ಸೋಲುತ್ತದೆ. ದಿನಕ್ಕೊಂದು ಪುಟ ಕನ್ನಡ ಬರೆಯುವುದನ್ನು ಬಿ.ಇಡಿ. ಮೊದಲ ದಿನದಿಂದಲೇ ಶುರು ಮಾಡಿ.

ಅರ್ಜಿಯಲ್ಲಿ ಒಂದು ಜಿಲ್ಲೆಯನ್ನು ಆರಿಸಬೇಕು. ಪಕ್ಕದ ಹರಪನಹಳ್ಳಿಗೆ ಸಿಗುವ 371ಜೆ (ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನ ಕೊಟ್ಟ) ಮೀಸಲಾತಿ ಜಗಳೂರಿಗಿಲ್ಲ, ಗೊಂದಲ ಬೇಡ. 1ರಿಂದ 10ರವರೆಗೆ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ಪ್ರಮಾಣಪತ್ರಕ್ಕೆ, ಕನ್ನಡದಲ್ಲೇ ಓದಿದ್ದರೆ ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ಮುಖ್ಯಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಈಗಲೇ ಮಾಡಿಸಿಡಿ. ಅರ್ಜಿಯ ಕೊನೇ ದಿನ ದಾಟಿದ ತಾರೀಖು ಅದರಲ್ಲಿದ್ದರೆ, ದಾಖಲೆ ಪರಿಶೀಲನೆಯಲ್ಲಿ ಆ ಮೀಸಲಾತಿ ಕೈಬಿಟ್ಟು ಹೋಗುತ್ತದೆ.